ಬೆಟಗೇರಿಯ ಸ್ಕ್ಯಾನಿಂಗ್ ಬಾಗಿಲಲ್ಲಿ ಬಿಚ್ಚಿಟ್ಟದ್ದು

ಮಕ್ಕಳೇ, ಲಕ್ಷ್ಮೇಶ್ವರದಿಂದ ನಾನು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಕಡಲೆ ಕೀಳುವ ಕಾಲ. ಚಳಿಗೆ ಬಸ್ಸಿನ ಗಾಜುಗಳೆಲ್ಲ ಬೆವರಿದ್ದವು. ಆಧಾರ್ ಕಾರ್ಡು ತೋರಿಸಿದ ಮೇಲೆ ಕಂಡಕ್ಟರ್ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೀಟು ಕೊಟ್ಟ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು.

ಮುಂಡರಗಿಯಲ್ಲಿರುವ ನನ್ನ ತಂಗಿ, ನಿಮ್ಮ ಶಾಂತಜ್ಜಿ, ಸೊಂಟದ ನೋವು ಹೆಚ್ಚಾಗಿ ಕಾಲು ಎಳೆಯತೊಡಗಿದ್ದಳು. ಬೆನ್ನಿನ ನರ ಎಲ್ಲೋ ಒತ್ತಿದೆ, ಎಂ.ಆರ್.ಐ. ಮಾಡಿಸದೆ ತಿಳಿಯುವುದಿಲ್ಲ, ತಡ ಮಾಡಿದರೆ ಮತ್ತೆ ನಿಂತು ನಡೆಯುವುದು ಕಷ್ಟ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಅವಳನ್ನು ಬೆಟಗೇರಿಗೆ ಕರೆದುಕೊಂಡು ಹೋಗಲು ಹೆಂಗಸೊಬ್ಬಳು ಜೊತೆಗೆ ಬೇಕಿತ್ತು. ನಾಲ್ಕು ಜನರ ಮುಂದೆ ನನಗೆ ಬಾಯಿ ಏಳುವುದಿಲ್ಲವೆಂದು ನಿಮಗೆ ಗೊತ್ತು. ಆದರೂ ತಂಗಿ ನನ್ನನ್ನೇ ಕರೆದಳು.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಚಹಾ ಕುಡಿಯುತ್ತ ನಿಂತಾಗ ಎದುರಿಗೆ ಬಳೆ ಅಂಗಡಿ ಇದ್ದ ಜಾಗ ಕಂಡಿತು. ಅಲ್ಲೀಗ ಸ್ಕ್ಯಾನಿಂಗ್ ಸೆಂಟರಿನ ಬೋರ್ಡು. ಸ್ವಲ್ಪ ಮುಂದೆ ಇನ್ನೊಂದು. ಮೊದಲು ನಿಮ್ಮ ಅಜ್ಜ ಎತ್ತು ಹಾಯ್ದು ಕೈ ಮುರಿದುಕೊಂಡಾಗ ಒಂದು ಎಕ್ಸರೇಗೆ ಗದಗಿನವರೆಗೆ ಹೋಗಿದ್ದೆವು. ಹಸಿ ಫಿಲ್ಮು ಒಣಗಲಿ ಎಂದು ಸಂಜೆಯವರೆಗೆ ಕಟ್ಟೆಯ ಮೇಲೆ ಕಾದಿದ್ದೆವು. ಚಹಾದವನನ್ನು ಕೇಳೋಣವೆನಿಸಿತು, ಕೇಳಲಿಲ್ಲ. ಅವನೇ ನನ್ನ ಕಣ್ಣು ಹೋದ ಕಡೆ ನೋಡಿ, ಮುಂದಿನ ಗಲ್ಲಿಯಲ್ಲೂ ಒಂದು ಬರುತ್ತಿದೆ, ಬಾಡಿಗೆ ಮಾತೂ ಮುಗಿದಿದೆ ಎಂದ.

ಮುಂಡರಗಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಶಾಂತಜ್ಜಿಯ ಮಗ ವಿರೂಪಾಕ್ಷಿ ಕಾರು ತಂದಿದ್ದ. ಅವನು ಡಾಕ್ಟರುಗಳಿಗೆ ಇಂಥ ಮಷಿನ್ನುಗಳನ್ನೇ ಮಾರುವವನು. ವಾರದಲ್ಲಿ ಒಂದೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಡಿಕ್ಕಿಯಲ್ಲಿ ನನ್ನ ಚೀಲ ಇಡಲು ಹೋದರೆ ಅಲ್ಲೊಂದು ಪೆಟ್ಟಿಗೆ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದು ಎಕ್ಸರೇ ಮಷಿನ್ ಎಂದ. ಕೈಯಲ್ಲಿ ಹಿಡಿದುಕೊಂಡು ಹಳ್ಳಿಹಳ್ಳಿಗೆ ಹೋಗಿ ಎದೆಯ ಫೋಟೋ ತೆಗೆಯುತ್ತಾರಂತೆ. ಟಿ.ಬಿ. ಇದೆಯೋ ಇಲ್ಲವೋ, ಡಾಕ್ಟರು ನೋಡುವ ಮೊದಲೇ ಕಂಪ್ಯೂಟರು ಹೇಳುತ್ತದಂತೆ. ನಾನು ಹಿಂದೆ ಸರಿದೆ. ಅದು ಈಗ ಬಂದ್ ಇದೆ ಎಂದು ಅವನು ನಕ್ಕ.

ಶಾಂತಜ್ಜಿಯ ಗಂಡ ಶಿವಪ್ಪನವರು ಮನೆಯ ಮುಂದಿನ ಅರಿವೆ ಅಂಗಡಿಯಲ್ಲಿ ಕುಳಿತಿದ್ದರು. ಹಿಂದಿನ ವರ್ಷ ಅವರಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟೆಂಬ ನಳಿಗೆ ಹಾಕಿಸಿದ್ದರು. ಅಂದಿನಿಂದ ತಂಗಿ ಅವರ ಮಾತ್ರೆಗಳ ಕಾವಲು ಕಾಯುತ್ತಾಳೆ. ಹೊರಡುವಾಗಲೂ ಮಗನ ಹೆಗಲು ಹಿಡಿದು ಕಾಲೆಳೆಯುತ್ತ, ಊಟದ ಮೊದಲಿನದು ಯಾವುದು, ನಂತರದ್ದು ಯಾವುದು ಎಂದು ಅವರಿಗೆ ಒಪ್ಪಿಸಿಯೇ ಬಂದಳು.

ಗದಗಿನ ದಾರಿಯುದ್ದಕ್ಕೂ ಕಪ್ಪತಗುಡ್ಡದ ಕಡೆ ಗಾಳಿ ಪಂಖಗಳು ತಿರುಗುತ್ತಿದ್ದವು. ವಿರೂಪಾಕ್ಷಿ ತನ್ನ ಧಂದೆಯ ಮಾತು ತೆಗೆದ. ಮೊದಲು ಇವೆಲ್ಲ ದೊಡ್ಡ ಶಹರಗಳಲ್ಲಿ ಮಾತ್ರ ಇದ್ದವಂತೆ. ಈಗ ತಾಲೂಕಿನ ಡಾಕ್ಟರುಗಳೇ ಫೋನು ಮಾಡಿ ಕೇಳುತ್ತಾರಂತೆ. ಹೊರದೇಶದಲ್ಲಿ ಬಳಸಿಬಿಟ್ಟ ಮಷಿನ್ನುಗಳನ್ನು ತಂದು, ಕೆಟ್ಟದ್ದನ್ನು ಬದಲಿಸಿ, ಬಣ್ಣ ಹಚ್ಚಿ ಇಲ್ಲಿ ಕೂರಿಸುವುದೂ ಇದೆ. ನಮ್ಮ ದೇಶದಲ್ಲೇ ಮಾಡಿದವೂ ಬರತೊಡಗಿವೆ. ನೋಡಿ ವರದಿ ಬರೆಯುವ ಡಾಕ್ಟರು ಊರಲ್ಲಿ ಇರಬೇಕೆಂದಿಲ್ಲ. ಎಲ್ಲೋ ಕುಳಿತು ಬರೆದು ಕಳಿಸುತ್ತಾರೆ. ಬೆಲೆ ಕೇಳಿದೆ. ಕೋಟಿಯ ಮಾತು ಹೇಳಿದ. ಮತ್ತೆ ಕೇಳಲಿಲ್ಲ.

ಶಾಂತಜ್ಜಿ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದಳು. “ನನ್ನ ಮಗ ಊರ ಮಂದಿಗೆಲ್ಲಾ ಎಲುಬು ತೋರಸ್ತಾನ. ಅವ್ವನ ಸೊಂಟ ನೋಡಾಕ ಇವತ್ತ ಪುರಸೊತ್ತ ಆತು ನೋಡಕ್ಕಾ,” ಎಂದಳು. ಅವನು ಕನ್ನಡಿಯಲ್ಲಿ ತಾಯಿಯನ್ನು ನೋಡಿ ಕಾರಿನ ವೇಗ ಸ್ವಲ್ಪ ಇಳಿಸಿದ.

ಗದಗಿನಲ್ಲಿ ಆಸ್ಪತ್ರೆಗಳ ರಸ್ತೆ ನೋಡಿ ನನಗೆ ದಿಗಿಲಾಯಿತು. ಮಿರ್ಚಿ ಭಜಿ ಗಾಡಿಗಳಂತೆ ಒಂದರ ಪಕ್ಕ ಒಂದು ಸ್ಕ್ಯಾನಿಂಗ್ ಬೋರ್ಡುಗಳು. ಇಷ್ಟು ಮಂದಿಯ ಒಳಗೆ ಇಷ್ಟೊಂದು ನೋಡುವುದು ಏನಿದೆ? ಇಷ್ಟು ದಿನ ಯಾರೂ ನೋಡದೆ ಹೋದವರು ಎಷ್ಟು ಮಂದಿಯೋ ಎಂಬ ಯೋಚನೆಯೂ ಅದರ ಹಿಂದೆಯೇ ಬಂತು.

ಬೆಟಗೇರಿಯ ಆ ಕಟ್ಟಡದಲ್ಲಿ ಮೊದಲು ಮಗ್ಗಗಳಿದ್ದವಂತೆ. ಪಕ್ಕದ ಓಣಿಯಲ್ಲಿ ಇನ್ನೂ ಲಟಪಟ ಸದ್ದು ಕೇಳುತ್ತಿತ್ತು. ಬಾಗಿಲ ಹೊರಗೆ ದೊಡ್ಡ ಛತ್ರಿಯ ಕೆಳಗೆ ಬೆಳ್ಳಿಬಂಗಾರದ ಕೆಲಸದ ಒಬ್ಬ ಪತ್ತಾರ, ಸಣ್ಣ ಇಕ್ಕಳ, ಕತ್ತರಿ, ಬೆಸುಗೆಯ ಸಾಮಾನು ಇಟ್ಟುಕೊಂಡು ಕುಳಿತಿದ್ದ. ಅವನ ಮಗ್ಗುಲಲ್ಲಿ ಹೂ ಮಾರುವವಳು. ಅವಳ ಬುಟ್ಟಿಯಲ್ಲಿ ಸೇವಂತಿಗೆಯ ಜೊತೆ ಅರಿಷಿಣದ ಬೇರು ಕಟ್ಟಿದ ಹಳದಿ ದಾರಗಳು ಸಾಲಾಗಿ ಇದ್ದವು. ಯಾರದೋ ಲಗ್ನವಿರಬೇಕು ಎಂದುಕೊಂಡೆ.

ಒಳಗೆ ಹೋದ ಮೇಲೆ ತಿಳಿಯಿತು. ಆ ಮಷಿನ್ ಒಂದು ಭಾರೀ ಅಯಸ್ಕಾಂತ. ಮೈಮೇಲೆ ಲೋಹದ ಚೂರೂ ಇರಕೂಡದು. ಬಂದವರೆಲ್ಲ ತಾಳಿ, ಕಾಲುಂಗುರ ತೆಗೆಯಬೇಕು. ವರ್ಷಗಟ್ಟಲೆ ತೆಗೆಯದೆ ಬೆರಳಿನಲ್ಲಿ ಹೂತುಹೋದವನ್ನು ಪತ್ತಾರ ಕತ್ತರಿಸುತ್ತಾನೆ, ಆಮೇಲೆ ಬೆಸುಗೆ ಹಾಕುತ್ತಾನೆ. ಕೊರಳು ಬರಿದಾಗಬಾರದೆಂದು ಹೂವಿನವಳು ಅರಿಷಿಣ ಬೇರು ಕೊಡುತ್ತಾಳೆ. ಮಷಿನ್ ಬಂದು ಇನ್ನೂ ಬಹಳ ದಿನವಾಗಿಲ್ಲ. ಇಬ್ಬರ ಹೊಟ್ಟೆಪಾಡೂ ಅದರ ಬಾಗಿಲಲ್ಲಿ ನೆಲೆ ಕಂಡಿದೆ. ಬೆಂಚಿನ ಮೇಲೆ ನೀಲಿ ಅಂಗಿ ತೊಟ್ಟ ನಾಲ್ಕೈದು ಹೆಂಗಸರು, ಎಲ್ಲರ ಕೊರಳಲ್ಲೂ ಹಳದಿ ದಾರ. ನಾನು ನೋಡಬಾರದ್ದನ್ನು ನೋಡಿದವಳಂತೆ ನೆಲ ನೋಡುತ್ತ ನಿಂತೆ.

ಶಾಂತಜ್ಜಿ ಖಡಾಖಂಡಿತ ಹೇಳಿಬಿಟ್ಟಳು. “ಕಾಲುಂಗುರ ಬೇಕಾದ್ರ ಕತ್ತರಸ್ತೇನಿ. ತಾಳಿ ತಗಿಯಂಗಿಲ್ಲ. ಅವ್ರ ಎದಿ ಮೊದಲ ನಾಜೂಕ ಐತಿ.”

ಸೆಂಟರಿನ ಕೆಲಸದ ಹುಡುಗಿ ಸಮಾಧಾನದಿಂದ ಮತ್ತೆ ಮತ್ತೆ ತಿಳಿಸಿದಳು. ಮಗ ಕೈ ಮುಗಿದ. ಇವಳು ಕೇಳಲಿಲ್ಲ. “ಕೋಟಿ ರೂಪಾಯಿ ಮಷಿನ್ ಅಂತಿ, ಒಂದು ಗುಂಜಿ ಬಂಗಾರಕ್ಕ ಹೆದರತೈತೇನೋ?” ಎಂದು ಅವನನ್ನೇ ಕೆಣಕಿದಳು. ಸಂಜೆಯೊಳಗೆ ಆಗದಿದ್ದರೆ ಮತ್ತೆ ಮೂರು ದಿನ ಸರದಿ ಸಿಗುವುದಿಲ್ಲ ಎಂದು ಹುಡುಗಿ ಹೇಳಿ ಹೋದಳು. ಮೊದಲು ಕಾಲುಂಗುರವಾದರೂ ಆಗಲಿ ಎಂದು ಅವಳನ್ನು ಹೊರಗೆ ಕರೆತಂದೆವು.

ಸ್ಟೂಲಿನ ಮೇಲೆ ಕೂರಿಸಿದೆವು. ಪತ್ತಾರ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಇಕ್ಕಳ ತೂರಿಸಿದ. ಶಾಂತಜ್ಜಿ ಹೂವಿನವಳ ಜೊತೆ ಸೇವಂತಿಗೆಯ ದರ ಜಗ್ಗಾಡುತ್ತಿದ್ದಳು. ಬೆಳ್ಳಿ ಬಹಳ ಒಳಗೆ ಹೋಗಿತ್ತು. ಇಕ್ಕಳದ ಮೊನೆ ಜಾರಿ ಬೆರಳಿಗೆ ನಾಟಿತು. ರಕ್ತ ಚಿಮ್ಮಿ ಮಣೆಯ ಮೇಲೆ ಬಿತ್ತು. ಪತ್ತಾರ ಬೆಚ್ಚಿ ಕೈ ತೆಗೆದ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಶಾಂತಜ್ಜಿ ಮಾತ್ರ, ಒಂದು ಮಾರು ಹೂವಿಗೆ ಎಷ್ಟು ಎಂದು ಇನ್ನೂ ಕೇಳುತ್ತಿದ್ದಳು.

ಹೂವಿನವಳು ಅವಳ ಕಾಲು ನೋಡಿದಳು. ಆಗ ಇವಳೂ ನೋಡಿದಳು. ರಕ್ತ ಕಾಣುತ್ತಿತ್ತು, ನೋವು ಇರಲಿಲ್ಲ. ಬೆರಳನ್ನು ತಾನೇ ಕೈಯಿಂದ ಹಿಚುಕಿದಳು. ಮತ್ತೊಮ್ಮೆ ಹಿಚುಕಿದಳು. ಇಷ್ಟು ದಿನ ಬರೀ ಜೋಮು ಹಿಡಿದಿದೆ ಎಂದು ಎಲ್ಲರಿಗೂ ಹೇಳುತ್ತಿದ್ದಳು, ತಾನೂ ನಂಬಿದ್ದಳು. ಊರೂರಿಗೆ ಮಷಿನ್ ಹೊತ್ತು ತಿರುಗುವ ಮಗ ಅಲ್ಲೇ ನಿಂತಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಪತ್ತಾರ ಅರಿಷಿಣ ಒತ್ತಿ ಬಟ್ಟೆ ಕಟ್ಟಿದ. ಉಳಿದ ಕಾಲುಂಗುರಗಳನ್ನು ಎಣ್ಣೆ ಹಚ್ಚಿ ಬಹಳ ಜಾಗ್ರತೆಯಿಂದ ತೆಗೆದ. ಆಮೇಲೆ ಶಾಂತಜ್ಜಿ ನನ್ನ ಕಡೆ ಕೊರಳು ಬಗ್ಗಿಸಿದಳು.

“ನೀನ ತಗಿ ಅಕ್ಕಾ.”

ನನ್ನ ಕೈ ಏಳಲಿಲ್ಲ. ನಿಮ್ಮ ಅಜ್ಜ ಹೋದ ದಿನ ನನ್ನದನ್ನು ತೆಗೆದವರ ಕೈಗಳು ನೆನಪಿಗೆ ಬಂದವು. ಹೂವಿನವಳು ನನ್ನ ಬರಿಗೊರಳು ನೋಡಿ, ಕೆಟ್ಟ ಮನಸ್ಸಿನಿಂದಲ್ಲ, ತಾನು ಮುತ್ತೈದೆ, ಬೇರು ತಾನೇ ಕಟ್ಟುತ್ತೇನೆ, ನೀವು ಸ್ವಲ್ಪ ಸರಿಯಿರಿ ಎಂದಳು. ನಾನು ಸರಿಯುತ್ತಿದ್ದೆ. ಶಾಂತಜ್ಜಿ ನನ್ನ ಸೆರಗು ಹಿಡಿದಳು.

“ಸಣ್ಣಾಕಿ ಇದ್ದಾಗಿಂದ ನನಗ ಹೆರಳು ಹಾಕಿದಾಕಿ ಇಕಿ. ಇಕಿ ಕೈಗೆ ಏನಾಗೈತಿ? ಕಟ್ಟಲಿ.”

ತಾಳಿ ತೆಗೆದೆ. ಬೇರಿನ ದಾರ ಕಟ್ಟಿದೆ. ಗಂಟು ಸರಿಯಾಗಿ ಬೀಳಲು ಎರಡು ಸಲ ಬಿಚ್ಚಬೇಕಾಯಿತು. ತಾಳಿ, ಕತ್ತರಿಸಿದ ಬೆಳ್ಳಿ ಎರಡನ್ನೂ ವಿರೂಪಾಕ್ಷಿ ಕರವಸ್ತ್ರದಲ್ಲಿ ಕಟ್ಟಿಕೊಂಡ.

ಮಷಿನ್ನಿನ ಕೋಣೆಗೆ ಜೊತೆಗೊಬ್ಬರು ಬರಬಹುದೆಂದು ಹುಡುಗಿ ಹೇಳಿದಳು. ವಿರೂಪಾಕ್ಷಿ ಎದ್ದ. ಅವನ ಬೆಲ್ಟು, ಕೀಲಿ, ಉಂಗುರ, ಮೊಬೈಲು ಎಣಿಸುತ್ತ ಅವಳು ನನ್ನತ್ತ ತಿರುಗಿದಳು. ನನ್ನ ಕೊರಳು, ಕೈ, ಕಾಲ್ಬೆರಳು ನೋಡಿದಳು. ಕುಪ್ಪಸಕ್ಕೂ ಗಂಟೇ, ಹುಕ್ಕಿಲ್ಲ. ಕಣ್ಣಿನ ಚಾಳೀಸು ತೆಗೆದಿಡಲು ಹೇಳಿ, “ನೀವ ಬರ್ರಿ ಅಮ್ಮಾರ. ನಿಮ್ಮ ಮೈಮ್ಯಾಲ ಏನೂ ಇಲ್ಲ,” ಎಂದಳು.

ಎಷ್ಟೋ ಲಗ್ನ, ಸೀಮಂತಗಳ ಬಾಗಿಲಲ್ಲಿ ನಾನು ಇದೇ ಕಾರಣಕ್ಕೆ ಹಿಂದೆ ನಿಂತವಳು. ಇಲ್ಲಿ ಅದೇ ಕಾರಣಕ್ಕೆ ಒಳಗೆ ಕರೆದರು. ಏನು ತಿಳಿಯಬೇಕೋ ಹೊಳೆಯದೆ ಹುಡುಗಿಯ ಹಿಂದೆ ನಡೆದೆ.

ಕೋಣೆ ಥಣ್ಣಗಿತ್ತು. ಶಾಂತಜ್ಜಿಯನ್ನು ಹಲಗೆಯ ಮೇಲೆ ಮಲಗಿಸಿ ದೊಡ್ಡ ಕೊಳವೆಯೊಳಗೆ ತಳ್ಳಿದರು. ಕಿವಿಗೆ ಹತ್ತಿ ತುಂಬಿದ್ದರೂ ಆ ಸದ್ದು, ತಗಡಿನ ಮೇಲೆ ಕಲ್ಲು ಸುರಿದಂತೆ, ಎದೆಗೇ ಬಡಿಯುತ್ತಿತ್ತು. ಅವಳ ಪಾದಗಳು ಮಾತ್ರ ನನಗೆ ಕಾಣುತ್ತಿದ್ದವು. ಮುಗಿಯುವವರೆಗೆ ಅವನ್ನೇ ಹಿಡಿದು ಕುಳಿತೆ. ಹಿಡಿದದ್ದು ಅವಳಿಗೆ ಗೊತ್ತಾಗಲಿಲ್ಲವಂತೆ.

ರೊಟ್ಟಿ ಬಿಚ್ಚಿದೆವು, ಯಾರಿಗೂ ಸೇರಲಿಲ್ಲ. ಅಷ್ಟರಲ್ಲಿ ವರದಿ ಬಂತು. ಯಾವುದೋ ಊರಿನ, ಅವಳ ಮುಖ ನೋಡದ ಡಾಕ್ಟರು ಅವಳ ಬೆನ್ನಿನ ಒಳಗೆ ನೋಡಿ, ಬರೆದರಷ್ಟೇ ಸಾಲದೆಂದು ಫೋನೂ ಮಾಡಿದ್ದರು. ಮನೆಗೆ ಹೋಗಬೇಡಿ, ಹೀಗೆಯೇ ಹುಬ್ಬಳ್ಳಿಗೆ ಹೋಗಿ, ನಾಳೆಯೇ ಆಪರೇಷನ್ ಆಗಬೇಕು ಎಂದರಂತೆ. ನಾನೂ ಕಾರು ಹತ್ತಲು ಹೋದೆ. ಶಾಂತಜ್ಜಿ ತಡೆದಳು. ಮುಂಡರಗಿಯಲ್ಲಿ ಅವರು ಒಬ್ಬರೇ ಇದ್ದಾರೆ, ಮಾತ್ರೆ ಮರೆಯುತ್ತಾರೆ, ನೀನು ಅಲ್ಲಿಗೆ ಹೋಗು ಎಂದಳು. ವಿರೂಪಾಕ್ಷಿ ಕರವಸ್ತ್ರದ ಗಂಟನ್ನು ನನ್ನ ಕೈಗಿಟ್ಟ.

ಮುಂಡರಗಿಯ ಬಸ್ಸಿನಲ್ಲಿ ಗಂಟನ್ನು ನಡುವಿಗೆ ಸಿಕ್ಕಿಸಿಕೊಂಡು ಕುಳಿತೆ. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಮಗ ಫೋನಿನಲ್ಲಿ ಎಲ್ಲ ಹೇಳಿದ್ದ. ಶಿವಪ್ಪನವರು ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತಿದ್ದರು. ಅವರ ಎದುರು ನಾನು ಎಂದೂ ಹೆಚ್ಚು ಮಾತಾಡಿದವಳಲ್ಲ. ಗಂಟನ್ನು ಅವರ ಮುಂದಿನ ಹಲಗೆಯ ಮೇಲೆ ಇಟ್ಟು ಹಿಂದೆ ಸರಿದೆ. ಅವರು ಬಿಚ್ಚಿದರು. ತಾಳಿ, ಕತ್ತರಿಸಿದ ಕಾಲುಂಗುರ. ಇವೆರಡನ್ನೂ ಒಟ್ಟಿಗೆ ಯಾವಾಗ ತೆಗೆಯುತ್ತಾರೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಬಹಳ ಹೊತ್ತು ನೋಡಿದರು. “ನಾ ಇನ್ನೂ ಜೀವಂತ ಅದೇನಲ್ರಿ ಅಕ್ಕಾರ,” ಎಂದರು. ನಗಲು ಹೋದರು, ಆಗಲಿಲ್ಲ. ಬೆಳ್ಳಿಗೆ ಹತ್ತಿ ಒಣಗಿದ್ದ ರಕ್ತ ಕಂಡು, ಅವಳಿಗೆ ತಿಳಿಯಲಿಲ್ಲವೇ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಮಾತ್ರೆ, ನೀರು ಮುಂದಿಟ್ಟೆ. ತೆಗೆದುಕೊಂಡರು.

ಮರುದಿನ ಅಡಿಗೆ ಮಾಡಿಟ್ಟರೂ ಇಬ್ಬರೂ ಉಣ್ಣಲಿಲ್ಲ. ಮಧ್ಯಾಹ್ನ ವಿರೂಪಾಕ್ಷಿಯ ಫೋನು ಬಂತು. ಆಪರೇಷನ್ ಮುಗಿದು ಎಚ್ಚರವಾಗಿದ್ದಳಂತೆ. ಡಾಕ್ಟರು ಕಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿ ನೋಡಿದರಂತೆ. “ಯಾವ ಭಾಡ್ಯಾ ಅಂವಾ ಚುಚ್ಚಿದಂವಾ?” ಎಂದು ಇಡೀ ವಾರ್ಡಿಗೆ ಕೇಳುವಂತೆ ಬೈದಳಂತೆ. ನಡೆಯಲು ದಿನ ಹಿಡಿಯುತ್ತದೆ, ಆದರೆ ನಡೆಯುತ್ತಾರೆ ಎಂದು ಡಾಕ್ಟರು ನಗುತ್ತ ಹೇಳಿದರಂತೆ.

ಶಿವಪ್ಪನವರು ಫೋನು ಇಟ್ಟರು. “ಬೈದಳಂತ್ರಿ ಅಕ್ಕಾರ,” ಎಂದರು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಅದನ್ನೇ ಅಂದರು.

ಅವರು ಉಂಡ ಮೇಲೆ, ಮಾತ್ರೆಗಳ ಕೆಲಸ ಪಕ್ಕದ ಮನೆಯವಳಿಗೆ ಒಪ್ಪಿಸಿ ನಾನು ಹುಬ್ಬಳ್ಳಿ ಬಸ್ಸಿಗೆ ಹೊರಟೆ. ಓಣಿಯ ತಿರುವಿನಲ್ಲಿ ನಿಂತು ನೋಡಿದೆ. ಅಂಗಡಿಗೆ ಟವೆಲ್ಲು ಕೊಳ್ಳಲು ಬಂದ ಯಾರೋ ಗುರುತಿಲ್ಲದವನಿಗೆ, ಅವರು ಕೈ ಮೇಲೆತ್ತಿ, ತಮ್ಮ ಹೆಂಡತಿ ಡಾಕ್ಟರನ್ನು ಏನೆಂದು ಬೈದಳೆಂದು ಹೇಳುತ್ತಿದ್ದರು.