ಊರು ಹಿಡಿದು ಕರೆಯುವುದು

೧೯೮೯ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಗಬ್ಬೂರಿನ ಶಾಲೆ ಬಿಟ್ಟು ಮಾನ್ವಿಗೆ ಬಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತೆ. ಈಗ ಅಲ್ಲಿಯ ಹಮಾಲರಿಗೆ ಮೇಸ್ತ್ರಿ. ಈ ಬೆನ್ನೇ ಮಗಳನ್ನು ರಾಯಚೂರಿನಲ್ಲಿ ನರ್ಸಿಂಗ್ ಓದಿಸಿತು. ಅವಳೀಗ ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ವೃದ್ಧರ ಆರೈಕೆ ಮಾಡುತ್ತಾಳೆ. ಅವಳೂ ಸೇರಿ ನಮ್ಮ ದೇಶದ ಮೂವರು ನರ್ಸುಗಳಿಗೆ ಒಂದೇ ಮನೆ.

ಅಲ್ಲೊಬ್ಬ ಮುದುಕಿ ಅವಳಿಗೆ ತಮ್ಮ ಐರಿಷ್ ಭಾಷೆ ಕಲಿಸುತ್ತಿದ್ದಳು. ಭಾನುವಾರ ಫೋನಿನಲ್ಲಿ ಮಗಳು ನನಗೆ ಪಾಠ ಒಪ್ಪಿಸುವಳು.

"ದೇಶದ ಹೆಸರಿನ ಕೊನಿಗೆ 'ಅಖ್' ಹಚ್ಚಿದ್ರ ಅಲ್ಲಿಯ ಮನುಷ್ಯಾ ಆಗ್ತಾನಪಾ. ಸಸನ ಅಂದ್ರ ಇಂಗ್ಲೆಂಡು. ಸಸನಖ್ ಅಂದ್ರ ಇಂಗ್ಲೆಂಡಿನಾಂವ. ಬಾಳ ಮಂದಿ ಇದ್ರ ಸಸನಿ."

"ಹೆಂಗಸಿದ್ರ?"

"ಆಕಿನೂ ಸಸನಖ್ಖೇ."

"ಹಂಗಾರ ನೀ ಏನಬೇ?"

"ನಾ ಇಂಡಿಯಖ್. ಮೂವರೂ ಕೂಡಿದ್ರ ಇಂಡಿಯಿ. 'ಇಂಡಿಯಾದವರ ಮನಿ' ಅನ್ನಬೇಕಾದ್ರ ಮುಂದೊಂದು 'ನ' ಬಂದು ನಿಂಡಿಯಖ್ ಆಗ್ತದ."

"ಚೀಲ ಹೊರೋದು ಇದಕ್ಕಿಂತ ಸಲೀಸದ ಬಿಡು," ಎಂದು ನಕ್ಕಿದ್ದೆ.

ಆಮೇಲೊಂದು ಭಾನುವಾರ ಪಾಠ ಇರಲಿಲ್ಲ. ಯಾರೋ ಆ ಮೂವರ ಮನೆಯ ಕಿಟಕಿಯ ಗಾಜು ಒಡೆದಿದ್ದರು. ಮುಂದಿನ ವಾರ ಎದುರು ರಸ್ತೆಯಲ್ಲಿ ಇಬ್ಬರು ನಿಂತು ಮನೆಯನ್ನೇ ನೋಡುತ್ತಿದ್ದರಂತೆ.

"ನಿನ್ನ ಹೆಸರು ಗೊತ್ತದೇನು ಅವರಿಗೆ?"

"ಹೆಸರು ಯಾರಿಗೆ ಬೇಕಪಾ? ಎಲ್ಲಿಯವ್ರು ಅಂತ ಗೊತ್ತದ, ಸಾಕಲ್ಲ."

ಹೊಳ್ಳಿ ಬಾ ಎನ್ನಬೇಕೆನಿಸಿತು. ಮಾನ್ವಿ ತುಂಬ ಮಗಳ ಸುದ್ದಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು; "ಬಾಗಿಲು ಭದ್ರ ಹಾಕ್ಕೋ," ಎಂದಷ್ಟೇ ಹೇಳಿದೆ.

ಮರುದಿನ ಗಿರಣಿಯಲ್ಲಿ ಬಿಹಾರದ ಆರು ಜನ ಭತ್ತ ಇಳಿಸುತ್ತಿದ್ದರು. ನಮ್ಮಲ್ಲಿ ಹಮಾಲನನ್ನು ಊರು ಹಿಡಿದೇ ಕೂಗುವುದು: ಏ ಸಿರವಾರ, ಏ ಮಸರಕಲ್, ಏ ಬಿಹಾರಿ. ಎರಡು ವರ್ಷ ಹಾಗೇ ಕೂಗಿದ್ದೆ. ಅಂದು ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಿ, ಮರೆಯಬಾರದೆಂದು ಚೀಟಿಯಲ್ಲಿ ಬರೆದುಕೊಂಡೆ.

"ಯಾಕ್ ಮೇಸ್ತ್ರಿ? ನಾವು ಏನ್ ತಪ್ಪು ಮಾಡಿದ್ದು?" ಎಂದ ಹಿರಿಯವನು.

"ಏನಿಲ್ಲೋ, ಸುಮ್ನ."

ಗಿರಣಿಯಲ್ಲಿ ಹೆಸರು ಬರೆಯುವುದು ಕಳವೋ ಜಗಳವೋ ಆಗಿ ಪೊಲೀಸ್ ಠಾಣೆಗೆ ಪಟ್ಟಿ ಕಳಿಸುವಾಗ ಮಾತ್ರ. ನನಗೆ ಅದು ಹೊಳೆಯಬೇಕಿತ್ತು. ಬೆಳಗಾದರೆ ಅವರ ಶೆಡ್ಡು ಖಾಲಿ, ಒಲೆಯ ಮೇಲೆ ಅರೆಬೆಂದ ಅನ್ನ. ನಾನು ಬರೀ ಹೆಸರು ಕೇಳಿದ್ದೆ, ಅಷ್ಟಕ್ಕೇ ಅನ್ನ ಬಿಟ್ಟು ಓಡಿದ್ದರು.

ಮಧ್ಯಾಹ್ನ ಮಗಳಿಗೆ ಫೋನು ಹಚ್ಚಿ, "ಹೊಳ್ಳಿ ಬಾ ಯವ್ವಾ," ಅಂದೆ.

"ಕರಾರು ಮುಗೀಬೇಕಲ್ಲಪಾ. ಈಗ ಯಾರೂ ಒಬ್ಬೊಬ್ಬರೇ ಹೊರಗ ಹೋಗಂಗಿಲ್ಲ," ಎಂದಳು. ಅವಳ ಹಿಂದೆ ಯಾರೋ ಬಾಗಿಲು ಬಡಿದ ಸದ್ದು ಫೋನಿನಲ್ಲಿ ಕೇಳಿತು. "ಆಮ್ಯಾಲ ಮಾತಾಡ್ತೀನಿ," ಎಂದು ಫೋನು ಇಟ್ಟಳು.

ಈಗ ನನಗೆ ಎರಡು ಕೋಣೆಯ ಸ್ವಂತ ಮನೆಯಿದೆ, ಹದಿನೇಳರಲ್ಲಿ ಉಳಿದ ಹನ್ನೊಂದು ಜನ ಹಮಾಲರಿದ್ದಾರೆ, ಕರಾರು ಮುಗಿದು ಮಗಳು ಬರಲು ಏಳು ತಿಂಗಳು ಉಳಿದಿವೆ.