ಹನ್ನೊಂದು ಅಡಿ ಇದೆಯಂತೆ

ಹೋಗುವ ದಾರಿಯನ್ನು ಎದುರಿಗೆ ಸಿಕ್ಕ ಮನುಷ್ಯರನ್ನೇ ಕೇಳಿಕೊಂಡು ಹೋಗುತ್ತಿದ್ದ ದಿನಗಳು ಅವು. ಫೋನು ದಾರಿ ಹೇಳುವುದನ್ನು ಇನ್ನೂ ಕಲಿತಿರಲಿಲ್ಲ. ನಮ್ಮ ಮನೆಯ ಫೋನಂತೂ ಫ್ರಿಜ್ಜಿನ ಮೇಲೆ, ಅಮ್ಮ ಹೆಣೆದ ಕ್ರೋಶಾ ಹೊದ್ದು, ಗತ್ತಿನಿಂದ ಕೂತಿರುತ್ತಿತ್ತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಗುರುಗ್ರಾಮವನ್ನು ಎಲ್ಲರೂ ಗುಡಗಾಂವ್ ಎನ್ನುತ್ತಿದ್ದರು. ದೆಹಲಿಯ ಸರೋಜಿನಿ ನಗರದ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ನಾಲ್ಕು ಜನ: ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಅಮ್ಮ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ, ಮತ್ತೆ ಹನ್ನೆರಡು ವರ್ಷದ ನಾನು.

ಅಜ್ಜಿಗೆ ಇದ್ದದ್ದು ಒಬ್ಬಳೇ ತಂಗಿ, ಕಮಲಿ. ನಮಗೆ ಕಮಲಜ್ಜಿ. ಚಿತ್ರದುರ್ಗದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಕಿವಿ ಪೂರ್ತಿ ಹೋಗಿದ್ದರಿಂದ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಕಣ್ಣೂ ಮಂಜಾಗಿದ್ದರಿಂದ ಕಾಗದ ಬರೆದೂ ಪ್ರಯೋಜನವಿಲ್ಲ. ಎದುರಿಗೆ ಹೋಗಿ ಕೂತು ಕೈ ಹಿಡಿದುಕೊಂಡರೆ ಮಾತ್ರ ಅವಳಿಗೆ ಅಕ್ಕ ಬಂದಳೆಂದು ತಿಳಿಯುವುದು. ಇತ್ತ ನಮ್ಮ ಅಜ್ಜಿ ಹಿಂದಿನ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಒಂದು ಗಂಟೆಗಿಂತ ಹೆಚ್ಚು ಕೂತರೆ ಪ್ರಾಣ ಹೋಗುವಷ್ಟು ನೋವು. ಓಲಾಡುವ ರೈಲಿನಲ್ಲಿ ಎರಡು ದಿನ, ಅದರಲ್ಲೂ ಪಾಯಿಖಾನೆಯವರೆಗೆ ನಡೆಯುವುದು ಆಗದ ಮಾತು. ವಿಮಾನದ ಸುದ್ದಿ ನಮ್ಮಂಥವರ ಮನೆಯಲ್ಲಿ ಏಳುತ್ತಲೇ ಇರಲಿಲ್ಲ.

"ಒಂದ್ ಸಲ ಅವಳ ಮುಖ ನೋಡಿಬಿಟ್ರೆ ಸಾಕು ಕಣೋ ಗುರೂ," ಎಂದು ಅಜ್ಜಿ ಅಪ್ಪನಿಗೆ ಹೇಳುತ್ತಿದ್ದಳು. ದಿನಾ ಹೇಳುತ್ತಿದ್ದಳು.

ಅಪ್ಪ ಹಠವಾದಿ. ಕಚೇರಿಯಲ್ಲಿ ಯಾವುದೋ ಹಳೇ ವಿದೇಶಿ ಪತ್ರಿಕೆಯಲ್ಲಿ, ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಎಳೆದೊಯ್ಯುವ ಚಿತ್ರ ನೋಡಿದ. ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಫರೀದಾಬಾದಿಗೆ ಹೋದ. ಅಲ್ಲಿ ಸತ್ಪಾಲ್ ಮಿಸ್ತ್ರಿ ಎಂಬವನು ಟ್ರಾಕ್ಟರ್ ಟ್ರಾಲಿ ಮಾಡುತ್ತಿದ್ದ. ಮೂರು ತಿಂಗಳಲ್ಲಿ ಅವನ ಶೆಡ್ಡಿನಲ್ಲಿ, ಎರಡು ಗಾಲಿಗಳ ಮೇಲೆ ತಗಡಿನ ಒಂದು ಕೋಣೆ ಎದ್ದಿತು. ಒಳಗೆ ಅಜ್ಜಿಗೆ ಮಂಚ, ಕಮೋಡು, ಸೊಳ್ಳೆಪರದೆಯ ಕಿಟಕಿ. ಅಜ್ಜಿ ತಲೆ ಬಗ್ಗಿಸದೆ ನಿಲ್ಲಬೇಕೆಂದು ಚಾವಣಿ ಎತ್ತರ. ಅದರ ಮೇಲೆ ಕಪ್ಪು ನೀರಿನ ಟ್ಯಾಂಕು. ಗಾಡಿ ಓಡುವಾಗ ಒಳಗೆ ಯಾರೂ ಇರುವಂತಿಲ್ಲ. ಅದನ್ನು ಎಳೆಯಲು ಅಪ್ಪ ಒಂದು ಹಳೇ ಜೀಪನ್ನು ಗೊತ್ತುಮಾಡಿದ್ದ. ಅಜ್ಜಿ ಆ ಜೀಪಿನಲ್ಲಿ ಕೂರುವುದು, ಗಂಟೆಗೊಮ್ಮೆ ನಿಲ್ಲಿಸಿ ಅವಳನ್ನು ಕೋಣೆಯೊಳಗೆ ಮಲಗಿಸುವುದು. ಇದು ಅಪ್ಪನ ಯೋಜನೆ.

"ಇದೇನ್ರೀ ಇದು, ಪಾರಿವಾಳದ ಗೂಡು!" ಎಂದಳು ಅಮ್ಮ. ಆದರೆ ಮಾರನೇ ದಿನವೇ ಕಿಟಕಿಗೆ ಹಳೇ ಸೀರೆಯ ಪರದೆ ಹೊಲಿಯತೊಡಗಿದಳು.

ಆ ವರ್ಷದ ಫಾಲ್ಗುಣ, ಚೈತ್ರವೆಲ್ಲ ನಮ್ಮ ಮನೆಯಲ್ಲಿ ಹೆದ್ದಾರಿಯದೇ ಧ್ಯಾನ. ನೆಲದ ಮೇಲೆ ಅಟ್ಲಾಸು ಹರಡಿಕೊಂಡು ಅಪ್ಪ ಹೇಳುತ್ತಿದ್ದ, ನಾನು ರೂಲ್ಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಡುಗೆಮನೆಯಿಂದ ಪುಳಿಯೋಗರೆ ಗೊಜ್ಜು ಕುದಿಯುವ ಘಾಟು ಬರುತ್ತಿತ್ತು, ದಾರಿಗೆಂದು ಡಬ್ಬಿಗಟ್ಟಲೆ. ಆಗ್ರಾ, ಗ್ವಾಲಿಯರ್, ಝಾನ್ಸಿ, ಸಾಗರ, ನಾಗಪುರ, ಹೈದರಾಬಾದ್, ಕರ್ನೂಲು, ಬಳ್ಳಾರಿ, ದುರ್ಗ. ಹಿಂದೆ ಟ್ರಾಲಿ ಕಟ್ಟಿಕೊಂಡವರಿಗೆ ರಿವರ್ಸ್ ಹೋಗುವುದೇ ದೊಡ್ಡ ತಲೆನೋವು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರಾಲಿಯ ಹಿಂಭಾಗ ಎಡಕ್ಕೆ ಹೋಗುತ್ತದೆ. ಹಾಗಾಗಿ ನಿಲ್ಲುವ ಜಾಗಕ್ಕೆ ಒಳಗೆ ಹೋಗಲೊಂದು, ಹೊರಗೆ ಬರಲೊಂದು ದಾರಿ ಇರಲೇಬೇಕು. ಅಂಥ ಪೆಟ್ರೋಲ್ ಬಂಕು ಯಾವುದು, ದೊಡ್ಡ ಅಂಗಳದ ಢಾಬಾ ಎಲ್ಲಿ, ನೆರಳಿದೆಯೇ, ಎಲ್ಲವೂ ನನ್ನ ನೋಟ್‌ಬುಕ್ಕಿಗೆ.

ನಾನು ಅಂಗಳದಲ್ಲಿ ಸ್ಟಾಪು ಆಡುವಾಗಲೂ ಅದೇ. ನೀವು ಕುಂಟೆಬಿಲ್ಲೆ ಅನ್ನುತ್ತೀರಲ್ಲ, ಅದು. ಇದ್ದಿಲಿನಲ್ಲಿ ಚೌಕ ಬರೆದು ಒಂದೊಂದಕ್ಕೂ ಒಂದೊಂದು ಊರಿನ ಹೆಸರಿಟ್ಟಿದ್ದೆ. ಅಜ್ಜಿ ಬಾಗಿಲ ಬಳಿಯ ಮಂಚದಿಂದ ಕೇಳುತ್ತಿದ್ದಳು, "ಎಲ್ಲಿಗ್ ಬಂದ್ಯೇ?"

"ಸಾಗರ, ಅಜ್ಜಿ!"

"ಸಾಗರವಾ? ಹಾಗಾದ್ರೆ ಮನೆಗ್ ಬಂದ ಹಾಗೇ!"

"ಅಯ್ಯೋ ಅಜ್ಜೀ, ಆ ಸಾಗರ ಅಲ್ಲ. ಎಂ.ಪಿ. ವಾಲಾ ಸಾಗರ!"

ನನ್ನ ಕನ್ನಡ ಹೀಗಿತ್ತು. ತಿದ್ದುವ ಕೆಲಸ ಅಜ್ಜಿಯದು. ಒಮ್ಮೆ ನಾನು, "ಕಮಲಜ್ಜಿ ದಿನಾ ನಿನ್ನ ಹೆಸರು ಹೇಳಿ ಅಳ್ತಾಳೆ," ಎಂದೆ. ಅಜ್ಜಿ ತಡೆದಳು. "ನೀನು ಹೋಗಿ ನೋಡಿದ್ಯಾ? ಅಳ್ತಾಳಂತೆ ಅನ್ನು. ಕಣ್ಣಾರೆ ಕಂಡಿದ್ದಾದ್ರೆ ಸುಮ್ನೆ ಹೇಳು. ಬೇರೆಯವರು ಹೇಳಿದ್ದಾದ್ರೆ ಅಂತೆ ಸೇರಿಸು." ನನಗೆ ಆ ಪದ ಬಹಳ ಇಷ್ಟವಾಯಿತು. ಹಿಂದಿಯಲ್ಲಿ ಇಷ್ಟು ಚಿಕ್ಕದಾಗಿ, ಇಷ್ಟು ಸಲೀಸಾಗಿ ಮಾತಿನ ಭಾರವನ್ನು ಬೇರೆಯವರ ಹೆಗಲಿಗೆ ದಾಟಿಸುವ ಪದ ನನಗೆ ಗೊತ್ತಿರಲಿಲ್ಲ. ಅದನ್ನು ನಾನು ಯಾವುದಕ್ಕೆ ಬಳಸಿಕೊಂಡೆ ಎನ್ನುವುದೇ ಈ ಕತೆ. ಬರೆಯಲು ಇಷ್ಟು ವರ್ಷ ಬೇಕಾಯಿತು.

ಭಾನುವಾರಗಳಂದು ಅಪ್ಪ ನನ್ನನ್ನು ಮಥುರಾ ರಸ್ತೆಯ ಲಾರಿ ಅಡ್ಡೆಗೆ ಕರೆದೊಯ್ಯುತ್ತಿದ್ದ. ದಾರಿಯ ವಿಷಯ ಲಾರಿ ಡ್ರೈವರುಗಳಿಗೆ ಗೊತ್ತಿರುವಷ್ಟು ಅಟ್ಲಾಸಿಗೆ ಗೊತ್ತಿಲ್ಲ ಅಂತ ಅವನ ನಂಬಿಕೆ. ಹದಿನೈದು ವರ್ಷ ದೆಹಲಿಯಲ್ಲಿದ್ದರೂ ಅಪ್ಪನ ಹಿಂದಿಗೆ ಗಂಡು ಹೆಣ್ಣಿನ ಭೇದವೇ ಇರಲಿಲ್ಲ. "ಮೇರಾ ಮಾಂ ಹರ್ ಘಂಟಾ ಸೋತಾ ಹೈ," ಎನ್ನುತ್ತಿದ್ದ. ನನ್ನ ತಾಯಿ ಗಂಟೆಗೊಮ್ಮೆ ಮಲಗುತ್ತಾನೆ! ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು, ಅಪ್ಪನಿಗೆ ಚಹಾ ಕೊಡಿಸಿ, ಎಲ್ಲೆಲ್ಲಿ ಗುಂಡಿ, ಎಲ್ಲೆಲ್ಲಿ ಹಂಪು ಎಂದು ಬಿಡಿಸಿ ಹೇಳುತ್ತಿದ್ದರು. ಒಳ್ಳೇ ಜನ. ನನಗೆ ಆ ಚಹಾ ಕಾಣಿಸುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು. ಕಿವಿಯೆಲ್ಲ ಬಿಸಿಯಾಗುತ್ತಿತ್ತು.

ಸಾಲದ್ದಕ್ಕೆ ಶಾಲೆಯಲ್ಲೂ ಸುದ್ದಿ ಹಬ್ಬಿತು. ನಮ್ಮ ಕ್ಲಾಸಿನ ನೇಹಾ, "ತೇರೀ ದಾದೀ ಟ್ರಾಲೀ ಮೇಂ ಜಾಯೇಗೀ?", ನಿನ್ನ ಅಜ್ಜಿ ಟ್ರಾಲಿಯಲ್ಲಿ ಹೋಗ್ತಾಳಾ, ಎಂದು ಕೇಳಿ ಟ್ರಾಕ್ಟರಿನ ಹಾಗೆ ಡುಗುಡುಗು ಸದ್ದು ಮಾಡಿದಳು. ಇಡೀ ಕ್ಲಾಸು ಡುಗುಡುಗು. ನಾನು, "ನಮ್ಮದಲ್ಲ, ಪಕ್ಕದ ಮನೆಯವರದು," ಎಂದುಬಿಟ್ಟೆ.

ಹೊರಡುವ ಮುಂಚಿನ ಭಾನುವಾರ. ಅಪ್ಪ ಟೇಪು ಹಿಡಿದು ಟ್ರಾಲಿಯ ಎತ್ತರ ಅಳೆದ. ಟ್ಯಾಂಕೂ ಸೇರಿ ಒಂಬತ್ತೂವರೆ ಅಡಿ. ಶೆಡ್ಡಿನಿಂದ ಹೆದ್ದಾರಿಗೆ ಬರಲು ಎರಡು ದಾರಿ. ಒಂದು, ರೈಲು ಹಳಿಯ ಕೆಳಗೆ ನುಗ್ಗುವ ಸೇತುವೆ, ಐದು ನಿಮಿಷದ ಹಾದಿ. ಇನ್ನೊಂದು, ಸಂತೆಬೀದಿ ಸುತ್ತಿ ರೈಲ್ವೆ ಗೇಟು ದಾಟಿ ಬರುವುದು, ಒಂದು ಗಂಟೆ. ಅಷ್ಟು ಹೊತ್ತು ಕೂತರೆ ಅಜ್ಜಿಯ ಸೊಂಟದ ಶಕ್ತಿಯೆಲ್ಲ ಫರೀದಾಬಾದಿನಲ್ಲೇ ಮುಗಿಯುತ್ತದೆ. ಸೇತುವೆಯ ಎತ್ತರ ಬರೆದಿದ್ದ ಬೋರ್ಡಿನ ಮೇಲೆ ಯಾರೋ ಟ್ಯೂಷನ್ನಿನ ಪೋಸ್ಟರು ಅಂಟಿಸಿದ್ದರು. ಕೆಳಗೆ ಇಳಿದು ಅಳೆಯೋಣವೆಂದರೆ ಒಂದರ ಹಿಂದೊಂದು ಗಾಡಿ, ಮೊಳಕಾಲುದ್ದ ನೀರು.

ಅಪ್ಪ ಜೀಪನ್ನು ಬದಿಗೆ ನಿಲ್ಲಿಸಿದ. ಸ್ವಲ್ಪ ದೂರದಲ್ಲಿ ಚಹಾದಂಗಡಿ, ಬೆಂಚಿನ ಮೇಲೆ ನಾಲ್ಕೈದು ಡ್ರೈವರುಗಳು. "ನೀನೇ ಕೇಳ್ಕೊಂಡ್ ಬಾ ಮಗಳೇ. ನಾನ್ ಕೇಳಿದ್ರೆ ನಗ್ತಾ ಕೂರ್ತಾರೆ. ಪುಲ್ ಕೆಳಗೆ ಎಷ್ಟು ಅಡಿ ಇದೆ, ಅಷ್ಟೇ," ಎಂದ.

ಹೋದೆ. ಬ್ರೆಡ್ ಪಕೋಡ ಕರಿಯುವ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಹತ್ತಿರ ಹೋಗಿ ನೋಡುತ್ತೇನೆ, ಅಂಗಡಿಯ ಮುಂದೆ ಒಂದು ಬಿಳಿ ಕಾರು, ಪಕ್ಕದಲ್ಲಿ ನೇಹಾ, ಅವಳ ಅಪ್ಪ ಅಮ್ಮ. ಭಾನುವಾರದ ಸುತ್ತಾಟಕ್ಕೆ ಬಂದಿದ್ದರೇನೋ. ಕೈಯಲ್ಲಿ ಪಕೋಡದ ದೊನ್ನೆ. ಅವಳು ನನ್ನನ್ನು ಇನ್ನೂ ನೋಡಿರಲಿಲ್ಲ. ಅವಳೆದುರು ನಿಂತು, ನಮ್ಮ ಟ್ರಾಲಿ ಹೋಗುತ್ತದಾ ಅಂತ ಕೇಳುವುದೇ? ನಾನು ಬೇವಿನ ಮರದ ಹಿಂದೆ ಸರಿದೆ. ಅಲ್ಲಿ ನಿಂತು ಇಪ್ಪತ್ತರವರೆಗೆ ಎಣಿಸಿದೆ. ಅವರು ಹೋಗಲಿಲ್ಲ. ಒಂದು ಲಾರಿ ಅದೇ ಕಡೆ ಹೋದದ್ದನ್ನು ನೋಡಿದ ನೆನಪು ಮಾಡಿಕೊಂಡು, ಸಾಕಷ್ಟು ಎತ್ತರವಿದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಮಳ್ಳಿ ನಾನು! ವಾಪಸು ಬಂದೆ.

"ಹನ್ನೊಂದು ಅಡಿ ಇದೆಯಂತೆ, ಅಪ್ಪಾ."

"ಯಾರ್ ಹೇಳಿದ್ದು?"

"ಒಬ್ಬರು ಬಿಳಿ ಗಡ್ಡದವರು. ದಿನಾ ಇಲ್ಲೇ ಓಡಾಡ್ತಾರಂತೆ."

"ಭೇಷ್! ಬರ್ಕೋ ಹಾಗಾದ್ರೆ," ಎಂದ ಅಪ್ಪ. ಬರೆದುಕೊಂಡೆ. ಇಡೀ ನೋಟ್‌ಬುಕ್ಕಿನಲ್ಲಿ ಅದೊಂದೇ ಸುಳ್ಳು, ಅದೂ ಮೊದಲ ಪುಟದಲ್ಲೇ.

ಮುಂದಿನ ವಾರ ಬೆಳಿಗ್ಗೆ ಅಜ್ಜಿಯನ್ನು ಜೀಪಿನಲ್ಲಿ ಶೆಡ್ಡಿಗೆ ಕರೆತಂದು, ಅಲ್ಲಿಂದ ಹೊರಟೆವು. ಅಜ್ಜಿ ಗಂಟಿನಲ್ಲಿಟ್ಟಿದ್ದ ರೇಷ್ಮೆ ಸೀರೆ ಉಟ್ಟಿದ್ದಳು. ತಂಗಿಗೆಂದು ಸರೋಜಿನಿ ಮಾರುಕಟ್ಟೆಯಲ್ಲಿ ಕೊಂಡ ಉಣ್ಣೆಯ ಶಾಲು ಮಡಿಲಲ್ಲಿ. ಸತ್ಪಾಲ್ ಮಿಸ್ತ್ರಿ ಟ್ರಾಲಿಯನ್ನು ಜೀಪಿಗೆ ಜೋಡಿಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಸೇತುವೆ ಹತ್ತಿರ ಬಂದಾಗ ಅಪ್ಪ ಒಮ್ಮೆ ನಿಧಾನಿಸಿ ನನ್ನ ಕಡೆ ನೋಡಿದ. "ಹನ್ನೊಂದು ತಾನೇ?"

ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು. ನಾನು ಹೂಂ ಎಂದೆ.

ಕರ್ರ್ ಎಂದು ಹಿಂದೆ ತಗಡು ಹರಿದ ಸದ್ದು, ಜೀಪು ಗಕ್ಕನೆ ನಿಂತಿತು. ಟ್ಯಾಂಕು ಒಡೆದು ನೀರೆಲ್ಲ ಜೀಪಿನ ಕ್ಯಾನ್ವಾಸಿನ ಮೇಲೆ ಧೋ ಎಂದು ಸುರಿಯಿತು.

"ಮಳೆ ಬಂತೇನೋ ಗುರೂ?" ಎಂದಳು ಅಜ್ಜಿ.

ಸೇತುವೆ ಒಂಬತ್ತಡಿಯೂ ಇರಲಿಲ್ಲ. ಹಿಂದೆ ಹಾರನ್ನುಗಳ ಸಂತೆ. ಅದೇ ಚಹಾದಂಗಡಿಯ ಡ್ರೈವರುಗಳು ಓಡಿ ಬಂದರು. ಗಾಲಿಯ ಗಾಳಿ ಇಳಿಸಿ, ಎಲ್ಲರೂ ಸೇರಿ ನೂಕಿ, ಟ್ರಾಲಿಯನ್ನು ಹಿಂದಕ್ಕೆ ಎಳೆದರು. ಚಾವಣಿ ಅಪ್ಪಚ್ಚಿಯಾಗಿ ಹೋಗಿತ್ತು, ಕೊಂಡಿ ತಿರುಚಿತ್ತು, ಅಮ್ಮನ ಪರದೆ ತಗಡಿಗೆ ಸಿಕ್ಕಿ ಜೋತಾಡುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಒಬ್ಬ ಡ್ರೈವರ್ ಹೇಳಿದ, "ಬಾವೂಜೀ, ಕಿಸೀ ಸೇ ಪೂಛ್ ತೋ ಲೇತೇ!" ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ ಎಂದು.

ಅಪ್ಪ ನೆಟ್ಟಗೆ ನಿಂತು ಹೇಳಿದ, "ಪೂಛಾ ಥಾ ಜೀ. ಮೇರಾ ಬೇಟೀ ಪೂಛಾ ಥಾ."

ಕೇಳಿದ್ದೆವು, ನನ್ನ ಮಗಳು ಕೇಳಿದ್ದ, ಎಂದು. ಆ ದಿನ ಆ ಹಿಂದಿಗೆ ಯಾರೂ ನಗಲಿಲ್ಲ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಮನೆಗೆ ಬಂದ ಮೇಲೆ ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅಮ್ಮ ಆ ಬಿಳಿ ಗಡ್ಡದವನಿಗೆ ಶಾಪ ಹಾಕಿದಾಗ ಅಪ್ಪನೇ ಅವನ ಪರ ವಹಿಸಿಕೊಂಡ. "ಪಾಪ, ಅವನು ಯಾವತ್ತೋ ನೋಡಿದ್ದನ್ನ ಹೇಳಿರ್ತಾನೆ. ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಆಗಿರತ್ತೆ." ಹುಟ್ಟಿಯೇ ಇಲ್ಲದ ಮನುಷ್ಯನ ಮೇಲೆ ಅಪ್ಪನಿಗೆ ಅಷ್ಟು ಕರುಣೆ. ಅಜ್ಜಿಯಂತೂ ನನ್ನನ್ನೇ ಸಮಾಧಾನ ಮಾಡಿದಳು. "ಮಗು ಹೆದರಿದೆ, ನೋಡು. ಅನ್ನ ಬಿಟ್ಟಿದೆ." ತನ್ನ ಕೈಯಿಂದ ಮೊಸರನ್ನ ಕಲಸಿ ತುತ್ತು ಕೊಟ್ಟಳು. ದಾರಿಗೆಂದು ಮಾಡಿದ್ದ ಪುಳಿಯೋಗರೆ ಗೊಜ್ಜು ಒಂದು ತಿಂಗಳು ಮನೆಯಲ್ಲೇ ಖರ್ಚಾಯಿತು.

ಚಾವಣಿ ರಿಪೇರಿಯಾಗುವಷ್ಟರಲ್ಲಿ ಬೇಸಿಗೆ ಏರಿತು. ಆ ಬಿಸಿಲಿನಲ್ಲಿ ತಗಡಿನ ಕೋಣೆಯಲ್ಲಿ ಅಜ್ಜಿಯನ್ನು ಮಲಗಿಸುವುದು ಹೇಗೆ? ದಸರೆಗೆ ಹೋಗೋಣ ಎಂದ ಅಪ್ಪ. ಶ್ರಾವಣದಲ್ಲಿ ದುರ್ಗದಿಂದ ಫೋನು ಬಂತು.

ಅಜ್ಜಿ ಜೋರಾಗಿ ಅಳಲಿಲ್ಲ. ಕಾಲೊನಿಯ ಕನ್ನಡದ ಹೆಂಗಸರು ಮಾತಾಡಿಸಲು ಬಂದಾಗ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ಕಮಲಿ ಹೋದಳಂತೆ."

ಅಮ್ಮ ಕೇಳಲಾರದೆ ಒಮ್ಮೆ ಅಂದಳು, "ಅತ್ತೆ, ಯಾಕೆ ಹಾಗೆ ಅಂತೆ ಅಂತೆ ಅಂತೀರಿ? ಅವರ ಮಗಳೇ ಫೋನ್ ಮಾಡಿದ್ದಾಳಲ್ಲ."

"ನಾನು ನೋಡ್ಲಿಲ್ವಲ್ಲಮ್ಮ," ಎಂದಳು ಅಜ್ಜಿ.

ನಾನು ಅಲ್ಲೇ ಬಾಗಿಲ ಸಂದಿಯಲ್ಲಿದ್ದೆ. ಉಣ್ಣೆಯ ಶಾಲು ಅವಳ ದಿಂಬಿನ ಕೆಳಗಿತ್ತು. ಮೂರು ವರ್ಷದ ನಂತರ ಅಜ್ಜಿ ಹೋದಾಗಲೂ ಅಲ್ಲೇ ಇತ್ತು, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ಟ್ರಾಲಿಯನ್ನು ಸತ್ಪಾಲ್ ಮಿಸ್ತ್ರಿಯೇ ಇಟ್ಟುಕೊಂಡು ಕಾವಲುಗಾರನ ಕೋಣೆ ಮಾಡಿಕೊಂಡ.

ಈಗ ನನ್ನ ಕೆಲಸ ಗುರುಗ್ರಾಮದಲ್ಲಿ. ಕಾರಿನಲ್ಲಿ ಫೋನೇ ದಾರಿ ಹೇಳುತ್ತದೆ, ಎಲ್ಲಿ ತಿರುಗಬೇಕು, ಎಲ್ಲಿ ಜಾಮ್ ಇದೆ, ಎಲ್ಲವನ್ನೂ. ಕಿಟಕಿ ಇಳಿಸಿ "ಭಯ್ಯಾ" ಎಂದು ಯಾರನ್ನೂ ಕೇಳಬೇಕಾಗಿಲ್ಲ. ನಕ್ಕು, ಚಹಾ ಕೊಡಿಸಿ, ಬೆರಳು ತೋರಿಸಿ ದಾರಿ ಹೇಳುವವರ ಬೆಂಚು ಈಗ ನನಗೆ ಎಲ್ಲೂ ಕಾಣುವುದಿಲ್ಲ. ಯಾರನ್ನಾದರೂ ಕೇಳಲು ಈಗ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ, ಕೇಳಿಕೊಂಡು ಹೋಗಿ ಸೇರಬೇಕಾದವರೇ ಇಲ್ಲ. ಅಪ್ಪನಿಗೆ ವಯಸ್ಸಾಗಿದೆ. ಮನೆಗೆ ಯಾರಾದರೂ ಬಂದರೆ ಇವತ್ತಿಗೂ ಟ್ರಾಲಿಯ ಕತೆ ಹೇಳುತ್ತಾನೆ. ಹೇಳುವಾಗ ಬಿಳಿ ಗಡ್ಡದ ಡ್ರೈವರ್ ಬಂದೇ ಬರುತ್ತಾನೆ. "ಹನ್ನೊಂದು ಅಡಿ ಅಂದನಂತೆ, ಪಾಪ," ಎಂದು ಅಪ್ಪ ನನ್ನ ಮುಖ ನೋಡುತ್ತಾನೆ. ನಾನು ಚಹಾ ತರುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ.

ಕನ್ನಡದಲ್ಲಿ ಏನು ಸಿಕ್ಕರೂ ಅಪ್ಪ ಈಗಲೂ ಒಂದಕ್ಷರ ಬಿಡದೆ ಓದುತ್ತಾನೆ. ಇದನ್ನೂ ಓದುತ್ತಾನೆ. ಅದಕ್ಕೇ ಅಜ್ಜಿ ಕಲಿಸಿದ ಹಾಗೆ ಬರೆಯುತ್ತಿದ್ದೇನೆ: ಆ ದಿನ ಬೇವಿನ ಮರದ ಹಿಂದೆ ಇದ್ದವಳು ನಾನೊಬ್ಬಳೇ, ಅಪ್ಪಾ. ನಾನು ಯಾರನ್ನೂ ಕೇಳಲಿಲ್ಲ.