ಗಂಗಮ್ಮ ಹಚ್ಚಿದ ಆಕಾಶ

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಗೋಡೆಗೆ ಯಾರೋ ಪೋಸ್ಟರ್ ಹಚ್ಚುತ್ತಿದ್ದರು. ಬಿಸಿ ಮೈದಾ ಅಂಟಿನ ವಾಸನೆ ಬಂದದ್ದೇ ತಡ, ನನ್ನ ಅಂಗೈ ಬೆವರಿತು. ನಗಬೇಡಿ. ಈ ವಾಸನೆಗೆ ಹೆದರುವವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಹಾವೇರಿಯ ಶಾಲೆಯೊಂದರಲ್ಲಿ ಮಾಸ್ತರ. ಅಲ್ಲಿನ ಕಪಾಟಿನಲ್ಲಿ ಬಹಳ ಹಳೆಯ ನಕ್ಷತ್ರಗೋಳವೊಂದಿತ್ತು. ಕುಂಬಳಕಾಯಿ ಗಾತ್ರ, ಮೈಮೇಲೆ ದೇಶಗಳ ಬದಲು ನಕ್ಷತ್ರಗಳು. ಮಕ್ಕಳಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಎತ್ತಿ, ಕೈಜಾರಿ ಕೆಡವಿದೆ. ಮುಖ್ಯೋಪಾಧ್ಯಾಯಿನಿಗೆ ಹೇಳುವ ಧೈರ್ಯವಾಗದೆ, ಚೀಲದಲ್ಲಿಟ್ಟುಕೊಂಡು ಬ್ಯಾಡಗಿಯ ಗಂಗಮ್ಮನವರ ಹತ್ತಿರ ಓಡಿದೆ. ಅವರ ಅಪ್ಪ ಶಾಲೆಗಳಿಗೆ ಗೋಳ ಮಾಡಿಕೊಡುತ್ತಿದ್ದರಂತೆ. ಆ ವಿದ್ಯೆ ಈಗ ಇವರೊಬ್ಬರ ಕೈಯಲ್ಲಿ ಉಳಿದಿತ್ತು.

ಗಂಗಮ್ಮ ಒಡೆದ ಜಾಗವನ್ನು ಸವರಿದರು. "ಒಳಗಿನ ಬುರುಡಿ ಹೊಸಾದು ಮಾಡಬೇಕ್ರಿ. ಮ್ಯಾಲಿನ ಕಾಗದ ನೆನಸಿ ಬಿಡಿಸ್ತೇನಿ."

ರದ್ದಿ ಕಾಗದ ರುಬ್ಬಿ, ಅದೇ ಅಳತೆಯ ಅಚ್ಚಿಗೆ ಮೆತ್ತಿ, ಸೀಮೆಸುಣ್ಣ ಬಳಿದ ಬುರುಡೆ ಒಣಗಲು ಎಂಟು ದಿನ ಬೇಕಾಯಿತು. ಅಷ್ಟೂ ದಿನ ಮುಖ್ಯೋಪಾಧ್ಯಾಯಿನಿ ಕಪಾಟಿನತ್ತ ನಡೆದಾಗಲೆಲ್ಲ ನಾನು ಅಡ್ಡಬಂದು ಏನಾದರೊಂದು ಕೇಳುತ್ತಿದ್ದೆ.

ಮತ್ತೆ ಹೋದಾಗ ಆಕಾಶವೆಲ್ಲ ದೋಣಿಯಾಕಾರದ ಹನ್ನೆರಡು ಪಟ್ಟಿಗಳಾಗಿ ಪರಾತದ ನೀರಿನಲ್ಲಿ ತೇಲುತ್ತಿತ್ತು. ಉಸಿರು ತಾಗಿದರೂ ಹರಿಯುವಂಥ ಕಾಗದ. ಗಂಗಮ್ಮ ಮೊದಲ ಪಟ್ಟಿಯನ್ನು ಎತ್ತಿದರು, ತಲೆಕೆಳಗಾಗಿ.

"ಉಲ್ಟಾ ಆತ್ರಿ!" ಎಂದು ಕೂಗಿದೆ. ಅವರು ತಿರುಗಿದರು. ನೋಟ ನನ್ನ ಮೇಲಿರಲಿಲ್ಲ, ಪಕ್ಕದ ಗೋಡೆಯ ಮೇಲಿತ್ತು.

"ಗಂಗಮ್ಮಾರ, ಕಣ್ಣು...?"

"ಭಾಳ ಮಂಜಾಗ್ಯಾವ್ರಿ ಮಾಸ್ತರ. ಚಿತ್ರ ನೀವು ನೋಡ್ರಿ, ನಾ ಹಚ್ಚತೇನಿ."

ಓಡಿಹೋಗುವಂತಿರಲಿಲ್ಲ, ಬುರುಡೆಗೆ ಬಿಸಿ ಮೈದಾ ಅಂಟು ಆಗಲೇ ಬಳಿದಾಗಿತ್ತು. ವೃಶ್ಚಿಕ ರಾಶಿಯ ಚೇಳಿನ ಮೈ ಒಂದು ಪಟ್ಟಿಯಲ್ಲಿ, ಬಾಲ ಇನ್ನೊಂದರಲ್ಲಿ. "ಕೂದಲೆಳಿಯಷ್ಟು ಎಡಕ್ಕ" ಎಂದು ನಾನು ಹೇಳಬೇಕು, ಅವರ ಬೆರಳು ಸರಿಯಬೇಕು. ಹೊರಗಿನಿಂದ ಮೆಣಸಿನಕಾಯಿ ಘಾಟು ಬೇರೆ. ಮೂಗು ಹಿಡಿದುಕೊಂಡು ಸೀನು ನುಂಗಿದೆ. ಕೊನೆಯ ಪಟ್ಟಿ ಕೂತಾಗ ಚೇಳಿನ ಬಾಲ ಒಂಚೂರು ಸೊಟ್ಟಗಾಗಿತ್ತು. ಉಳಿದ ಆಕಾಶ ಸರಿಯಿತ್ತು.

"ಮೊದಲ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ಹೇಳಿದ್ರ ತಿರುಗಿ ಒಯ್ತಿದ್ರಿ. ಕಾಣವಲ್ದು ಅಂತ ಅನ್ನಾಕ ನನಗ ಅಂಜಿಕಿ ಬರ್ತಿತ್ರಿ."

ಮರುದಿನ ಮುಖ್ಯೋಪಾಧ್ಯಾಯಿನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈದರು. ಗೋಳವನ್ನು ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ.

ಇಷ್ಟು ವರ್ಷ ಇದನ್ನು ನನ್ನ ಹೆದರಿಕೆಯ ಕಥೆಯೆಂದೇ ಹೇಳುತ್ತ ಬಂದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನೆಲ್ಲ ನೆನೆಯುತ್ತಿರುವಾಗ ಬಸ್ಸೊಂದು ಬಂತು. ಬೋರ್ಡಿನ ಅಕ್ಷರಗಳು ಕಲಸಿಕೊಂಡಿದ್ದವು. ಮೂರು ತಿಂಗಳಿಂದ ಹೀಗೆಯೇ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳತ್ತ ತಿರುಗಿದೆ.

"ತಂಗಿ, ಅದು ಯಾವೂರಿನ ಬಸ್ಸವಾ? ನನಗ ಕಾಣವಲ್ದು."

"ಹಾವೇರಿದ್ರಿ ಅಜ್ಜಾರ. ಕೈ ಕೊಡ್ರಿ, ಹತ್ತಸ್ತೇನಿ."

ಕೊಟ್ಟೆ.